ಮುಗಿಲ ಮೇಲಿನ ಅಟ್ಟ

ಹಿಂದಿನವರ ಮನೆಗಳಲ್ಲಿ ಕಬ್ಬಿಣದ ಟ್ರಂಕೊಂದು ಇದ್ದೇ ಇರುತ್ತಿತ್ತು. ಮನೆಯ ಕ್ರಯಪತ್ರ, ಕಂದಾಯದ ರಸೀದಿ, ಮಕ್ಕಳ ಜಾತಕ, ಅಂಕಪಟ್ಟಿ ಎಲ್ಲಕ್ಕೂ ಅದೇ ಆಶ್ರಯ. ಯಾವ ಕಾಗದ ಯಾವ ಗಂಟಿನಲ್ಲಿದೆಯೆಂಬುದು ಮನೆಯ ಅಜ್ಜಿಗೆ ಬಾಯಿಪಾಠ. ದೀಪವಾರಿದ ಮೇಲೆ ಕೇಳಿದರೂ ಆಕೆ ಕೈಯಿಟ್ಟೆಡೆಯಲ್ಲಿ ಬೇಕಾದ ಕಾಗದವೇ ಸಿಕ್ಕುತ್ತಿತ್ತು.

ಆ ಟ್ರಂಕು ಈಗ ಅಟ್ಟದಿಂದ ಮುಗಿಲಿಗೇರಿದೆ. ಅಜ್ಜಿಯ ಕೈಮಾತ್ರ ಅದರೊಡನೆ ಏರಲಿಲ್ಲ. ಕಾಲೇಜು ಪ್ರವೇಶದ ದಿನ ಗುಮಾಸ್ತರ ಮೇಜಿನ ಮುಂದೆ ನಿಂತ ತಂದೆಯೊಬ್ಬರನ್ನು ನೆನೆದರೆ ಸಾಕು. ಮಗಳ ಅಂಕಪಟ್ಟಿ ಮೊಬೈಲಿನಲ್ಲಿ ‘ಎಲ್ಲೋ’ ಇದೆ. ‘ಸ್ಕ್ಯಾನ್ ೧’ ತೆರೆದರೆ ವಿದ್ಯುತ್ ಬಿಲ್ಲು. ‘ಸ್ಕ್ಯಾನ್ ೨’ ತೆರೆದರೆ ಯಾರದೋ ಗೃಹಪ್ರವೇಶದ ಆಮಂತ್ರಣ. “ಅಪ್ಪಾ, ನೀವೇ ಅಲ್ಲವೆ ಇಟ್ಟದ್ದು?” ಎಂದು ಮಗಳು ಮೆಲ್ಲಗೆ ಕೇಳುತ್ತಾಳೆ. ಹಿಂದೆ ಸಾಲು ಬೆಳೆಯುತ್ತದೆ. ಇಟ್ಟದ್ದೇನೋ ನಿಜ, ಇಡುವುದು ಬೇರೆ, ಸಿಕ್ಕುವಂತೆ ಇಡುವುದು ಬೇರೆ.

‘ಕ್ಲೌಡ್’ ಎಂಬ ಹೆಸರು ಕೇಳಲು ಸೊಗಸಾಗಿದೆಯಾದರೂ ಅಲ್ಲಿ ಮೋಡವೇನೂ ಇಲ್ಲ. ಭೂಮಿಯ ಮೇಲೆಯೇ, ಯಾವುದೋ ಊರಿನ ದೊಡ್ಡ ಕಟ್ಟಡದಲ್ಲಿ, ಹಗಲಿರುಳು ದುಡಿಯುವ ಯಂತ್ರಗಳ ಸಾಲಿನಲ್ಲಿ ನಮ್ಮ ಕಾಗದಗಳು ಕುಳಿತಿರುತ್ತವೆ. ೨೦೧೨ರಲ್ಲಿ ಬಂದ ಗೂಗಲ್ ಡ್ರೈವ್ ಇವುಗಳಲ್ಲಿ ನಮ್ಮವರಿಗೆ ಹೆಚ್ಚು ಪರಿಚಿತವಾದುದು. ಅದು ಉಚಿತವಾಗಿ ಕೊಡುವ ೧೫ ಜಿ.ಬಿ. ಸ್ಥಳ ಫೈಲುಗಳಿಗೆ ಮಾತ್ರವೆಂದು ಹಲವರು ಭಾವಿಸುತ್ತಾರೆ. ಹಾಗಲ್ಲ; ಇ-ಮೇಲು, ಭಾವಚಿತ್ರ, ಫೈಲು ಈ ಮೂರಕ್ಕೂ ಅದೊಂದೇ ಕಣಜ. ಭಾವಚಿತ್ರಗಳಿಗಿದ್ದ ಮಿತಿಯಿಲ್ಲದ ಉಚಿತ ಸೌಲಭ್ಯ ೨೦೨೧ರ ಜೂನ್ ೧ಕ್ಕೆ ಮುಗಿಯಿತು. ಆಂಡ್ರಾಯ್ಡ್ ಫೋನುಗಳ ವಾಟ್ಸಾಪ್ ಪ್ರತಿಯೂ ೨೦೨೪ರಿಂದ ಇದೇ ಲೆಕ್ಕಕ್ಕೆ ಸೇರಿದೆ. ಕಣಜ ತುಂಬಿದರೆ ಹೊಸ ಇ-ಮೇಲು ಕೂಡ ಒಳಗೆ ಬರಲಾರದು.

ಹಾಗೆಂದು ಕೂಡಲೇ ಹಣ ತೆತ್ತು ಹೆಚ್ಚಿನ ಸ್ಥಳ ಕೊಳ್ಳಬೇಕಾಗಿಲ್ಲ. ಕಣಜವನ್ನು ತುಂಬುವುದು ಸಾಮಾನ್ಯವಾಗಿ ಕಾಗದಪತ್ರಗಳಲ್ಲ. ದಿನವೂ ಬೆಳಗಾದರೆ ಬಂದು ಬೀಳುವ ಶುಭಾಶಯದ ವಿಡಿಯೋಗಳು, ಒಂದೇ ನಗೆಯ ಹತ್ತು ಚಿತ್ರಗಳು. ಫೈಲುಗಳನ್ನು ಗಾತ್ರದ ಕ್ರಮದಲ್ಲಿ ತೋರಿಸುವ ಸೌಕರ್ಯ ಡ್ರೈವಿನಲ್ಲೇ ಉಂಟು. ಅತಿ ದೊಡ್ಡವನ್ನು ಮೊದಲು ನೋಡಿ ಬೇಡವಾದುದನ್ನು ತೆಗೆದರೆ ಅರ್ಧ ಗಂಟೆಯಲ್ಲಿ ಮನೆ ಹಗುರಾಗುತ್ತದೆ.

ಎರಡನೆಯದು ನಾಮಕರಣ. ಹೆಸರಿಡದ ಕೂಸನ್ನು ಜಾತ್ರೆಯಲ್ಲಿ ಕೂಗಿ ಕರೆಯುವುದು ಹೇಗೆ? ಇಸವಿ ಮೊದಲು, ಆಮೇಲೆ ತಿಂಗಳು, ಕೊನೆಗೆ ದಿನ, ಅನಂತರ ವಿಷಯ: ‘೨೦೨೪-೦೬-೧೨ ಮನೆ ಕಂದಾಯ ರಸೀದಿ’. ಹೀಗೆ ಬರೆದರೆ ಯಂತ್ರವೇ ಎಲ್ಲವನ್ನೂ ಕಾಲಕ್ರಮದಲ್ಲಿ ಜೋಡಿಸಿಕೊಡುತ್ತದೆ. ಮನೆ, ಆರೋಗ್ಯ, ವಿದ್ಯಾಭ್ಯಾಸ, ಹಣಕಾಸು ಎಂಬ ನಾಲ್ಕು ಫೋಲ್ಡರುಗಳು ಒಂದು ಸಂಸಾರಕ್ಕೆ ಸಾಕು. ಕಚೇರಿಯ ಕಾಗದಗಳು ಕಚೇರಿಯ ಖಾತೆಯಲ್ಲಿಯೇ ಇರಲಿ. ಮನೆಯವು ಅಲ್ಲಿ ಬೇಡ. ನೌಕರಿ ಬಿಟ್ಟ ದಿನ ಆ ಖಾತೆಯ ಬಾಗಿಲು ಮುಚ್ಚುತ್ತದೆ, ಮಗುವಿನ ಮೊದಲ ಹುಟ್ಟುಹಬ್ಬದ ಚಿತ್ರವೂ ಒಳಗೇ ಉಳಿಯುತ್ತದೆ.

ಕಚೇರಿಗಳಲ್ಲಿ ಇನ್ನೊಂದು ಪಿಡುಗು ಕಾಣುತ್ತದೆ. ಒಂದು ವರದಿಯನ್ನು ಐವರಿಗೆ ಕಳುಹಿಸಿದರೆ ಐದು ಪ್ರತಿಗಳು; ಅವು ‘ಅಂತಿಮ’, ‘ಹೊಸ ಅಂತಿಮ’, ‘ನಿಜವಾದ ಅಂತಿಮ’ ಎಂಬ ವೇಷಗಳಲ್ಲಿ ತಿರುಗಾಡುತ್ತವೆ. ಪ್ರತಿ ಕಳುಹಿಸುವ ಬದಲು ಒಂದೇ ಫೈಲಿನ ಲಿಂಕನ್ನು ಐವರಿಗೂ ಕೊಟ್ಟರೆ ಎಲ್ಲರೂ ಒಂದೇ ಹಾಳೆಯಲ್ಲಿ ತಿದ್ದಬಹುದು. ಹಳೆಯ ರೂಪವನ್ನೂ ಹಿಂತಿರುಗಿ ನೋಡಬಹುದು. ಆದರೆ ಲಿಂಕು ಸಿಕ್ಕವರೆಲ್ಲ ತೆರೆಯಬಹುದೆಂಬ ಅನುಮತಿಯನ್ನು ಆಧಾರ್, ಬ್ಯಾಂಕು ಮೊದಲಾದ ಕಾಗದಗಳಿಗೆ ಎಂದೂ ಕೊಡಬಾರದು. ಅದು ಬೀಗದ ಕೈಯನ್ನು ಬಾಗಿಲಿಗೇ ತೂಗುಹಾಕಿದಂತೆ.

ಇಷ್ಟೆಲ್ಲ ಮಾಡಿದವರೂ ಮರೆಯುವ ಮಾತೊಂದುಂಟು. ಮೊಬೈಲು, ಕಂಪ್ಯೂಟರು, ಕ್ಲೌಡ್ ಮೂರರಲ್ಲೂ ಒಂದೇ ಚಿತ್ರ ಕಂಡಾಗ ಮೂರು ಪ್ರತಿಗಳಿವೆಯೆಂದು ಮನಸ್ಸು ನಂಬುತ್ತದೆ. ವಾಸ್ತವವಾಗಿ ಅವು ಒಂದೇ ವಸ್ತುವಿನ ಮೂರು ಕನ್ನಡಿಗಳು. ಒಂದೆಡೆ ಅಳಿಸಿದರೆ ಎಲ್ಲೆಡೆಯೂ ಅಳಿಯುತ್ತದೆ. ಡ್ರೈವಿನ ಕಸದ ಬುಟ್ಟಿ ೩೦ ದಿನ ಕಾಯುತ್ತದೆ. ಆಮೇಲೆ ಅಲ್ಲಿಯೂ ಇಲ್ಲ. ಆದುದರಿಂದ ನಿಜವಾಗಿ ಬೆಲೆಯುಳ್ಳವನ್ನು ಬೇರೊಂದು ಹಾರ್ಡ್ ಡಿಸ್ಕಿಗೆ ನಕಲು ಮಾಡಿ ಬೀರುವಿನಲ್ಲಿಡುವುದು ಅಗತ್ಯ.

ಇದು ಅತಿ ಅಂಜಿಕೆಯ ಮಾತೆನಿಸಿದರೆ ದಕ್ಷಿಣ ಕೊರಿಯದ ಕಥೆಯನ್ನು ಕೇಳಬೇಕು. ಅಲ್ಲಿನ ಸರಕಾರಿ ನೌಕರರಿಗೆ ಕೆಲಸದ ಕಾಗದಗಳನ್ನು ತಮ್ಮ ಕಂಪ್ಯೂಟರಿನಲ್ಲಿಡದೆ ‘ಜಿ-ಡ್ರೈವ್’ ಎಂಬ ಸರಕಾರಿ ಕ್ಲೌಡಿನಲ್ಲಿಡುವಂತೆ ಹೇಳಲಾಗಿತ್ತು. ೨೦೨೫ರ ಸೆಪ್ಟೆಂಬರ್ ೨೬ರಂದು ದೇಜೊನ್ ನಗರದ ದತ್ತಾಂಶ ಕೇಂದ್ರದಲ್ಲಿ ಬ್ಯಾಟರಿಗಳಿಗೆ ಬೆಂಕಿ ಹತ್ತಿತು. ಜಿ-ಡ್ರೈವಿಗೆ ಹೊರಗೆಲ್ಲೂ ಮತ್ತೊಂದು ಪ್ರತಿ ಇರಲಿಲ್ಲ. ೮೫೮ ಟೆರಾಬೈಟುಗಳಷ್ಟು ಬರವಣಿಗೆ ಬೂದಿಯಾಯಿತು. ಒಂದು ಸರಕಾರಕ್ಕೇ ಹೀಗಾಗುವುದಾದರೆ ಒಂದು ಸಂಸಾರ ನಿಶ್ಚಿಂತೆಯಿಂದಿರಬಹುದೆ?

ಕೊನೆಯದಾಗಿ, ಕೀಲಿಕೈಯ ಪ್ರಶ್ನೆ. ಅಜ್ಜಿಯ ಟ್ರಂಕಿನ ಕೀಲಿಕೈ ಸೆರಗಿನ ತುದಿಯಲ್ಲಿರುತ್ತಿತ್ತು. ಆಕೆ ಹಾಸಿಗೆ ಹಿಡಿದಾಗ ಅದು ಸೊಸೆಯ ಸೊಂಟಕ್ಕೆ ಬರುತ್ತಿತ್ತು. ಇಂದಿನ ಯಜಮಾನರ ಪಾಸ್‌ವರ್ಡು ಅವರ ತಲೆಯಲ್ಲಿದೆ. ಆ ತಲೆಗೆ ಏನಾದರೂ ಆದರೆ ವಿಮೆಯ ಕಾಗದ, ಠೇವಣಿಯ ವಿವರ, ಇಪ್ಪತ್ತು ವರ್ಷಗಳ ನಗೆಯ ಚಿತ್ರಗಳು ಎಲ್ಲವೂ ಹೆಂಡತಿಗೂ ಮಕ್ಕಳಿಗೂ ಎಟುಕದ ಮುಗಿಲಿನಲ್ಲಿ ಉಳಿಯುತ್ತವೆ. ಎರಡು ವರ್ಷ ಬಳಕೆಯಿಲ್ಲದ ವೈಯಕ್ತಿಕ ಖಾತೆಯನ್ನು ಗೂಗಲ್ ಅಳಿಸಿಹಾಕಲೂಬಹುದು. ಖಾತೆ ಬಹುಕಾಲ ನಿಶ್ಚಲವಾದರೆ ಅದರಲ್ಲಿರುವುದು ಯಾರ ಕೈಗೆ ಸೇರಬೇಕೆಂದು ಮೊದಲೇ ಬರೆದಿಡುವ ವ್ಯವಸ್ಥೆ ಅದೇ ಸೆಟ್ಟಿಂಗ್ಸಿನಲ್ಲಿದೆ. ೨೦೨೧ರ ಕೊನೆಯಿಂದ ಆಪಲ್ ಫೋನುಗಳಲ್ಲೂ ಇಂಥದೊಂದು ಏರ್ಪಾಡಿದೆ. ಹತ್ತು ನಿಮಿಷದ ಕೆಲಸ. ಅಶುಭವೆಂದು ಮುಂದೂಡುವವರೇ ಹೆಚ್ಚು.

ದೀಪಾವಳಿಗೆ ಮುನ್ನ ಅಟ್ಟ ಗುಡಿಸುವ ಪದ್ಧತಿ ನಮ್ಮಲ್ಲಿದೆ. ಈ ಸಲ ಒಂದು ಭಾನುವಾರ ಮಧ್ಯಾಹ್ನ ಗಂಡಹೆಂಡಿರು ಮಕ್ಕಳನ್ನೂ ಕೂಡಿಸಿಕೊಂಡು ಮುಗಿಲ ಅಟ್ಟವನ್ನೂ ಗುಡಿಸಲಿ. ಗುಡಿಸಿದ ಮೇಲೆ ಯಜಮಾನರು ಸುಮ್ಮನೆ ಕುಳಿತು, “ಮನೆಯ ಕ್ರಯಪತ್ರ ತೆಗೆದು ತೋರಿಸಿ” ಎಂದು ಉಳಿದವರಿಗೆ ಹೇಳಲಿ. ತಾವು ಬಾಯಿಬಿಡದೆ ಅದು ಸಿಕ್ಕಿತೆಂದರೆ ಅಜ್ಜಿಯ ಕೈ ಮನೆಗೆ ಮರಳಿತೆಂದು ತಿಳಿಯಬಹುದು.