ಪಾಠಕ್ಕ ಮಾರ್ಕ್ಸ್ ಹಾಕೋರು ಯಾರು?

ಪಂಚಮಿಗೆ ನನ್ನ ಕರಿಲಿಕ್ಕೆ ತಮ್ಮ ಬಂದಿದ್ದ. ಉಂಡಿ ಡಬ್ಬಿ ಮುಂದಿಟ್ರ ಒಂದು ಶೇಂಗಾ ಉಂಡಿ ಕೈಯಾಗ ಹಿಡ್ಕೊಂಡು ಹಂಗ ಕೂತಬಿಟ್ಟ. "ಅಕ್ಕಾ, ಈ ಸಲಾನೂ ಆಗಲಿಲ್ಲ" ಅಂದ. ಪ್ರೊಫೆಸರ್ ಪ್ರಮೋಶನ್ನಿನ ಮಾತದು.

ಅವಾ ಒಂದು ವಿಶ್ವವಿದ್ಯಾಲಯದಾಗ ಗಣಿತ ಕಲಸ್ಲಿಕ್ಕೆ ಹತ್ತಿ 26 ವರ್ಷ ಆತು. ಯಾವುದು ಅಂತ ಕೇಳಬ್ಯಾಡ್ರಿ, ಅವಂಗ ಇನ್ನೂ ಅಲ್ಲೇ ಅನ್ನದ ಋಣ ಅದ.

ಹೆಂಗ ಕಲಸ್ತಾನ ಅನ್ನೋದು ನಾ ಕಣ್ಣಾರೆ ಕಂಡದ್ದು. ನನ್ನ ಮಗಳು ಬಿಎಸ್‌ಸಿ ಓದೂಮುಂದ ವೆಕ್ಟರ್ ಸ್ಪೇಸ್ ತಲಿಗೆ ಹೋಗವಲ್ತು ಅಂತ ಅಳ್ಕೋತ ಕೂತಿದ್ಲು. ಇವಾ ನನ್ನ ರಂಗೋಲಿ ಬಟ್ಟಲಾ ತಗೊಂಡು ಪಡಸಾಲ್ಯಾಗ ಚುಕ್ಕಿ ಇಟ್ಟ. "ಈ ಚುಕ್ಕಿಯಿಂದ ಯಾವ ಚುಕ್ಕಿಗೆ ಬೇಕಾದ್ರೂ ಹೋಗ್ಲಿಕ್ಕೆ ಎಷ್ಟು ದಿಕ್ಕು ಬೇಕವಾ? ಅಡ್ಡ ಒಂದು, ಉದ್ದ ಒಂದು. ಮೂರನೇದು ಬೇಕೇನು?" ಅಂದ. ಪಿಯುಸಿಗೆ ಓದು ನಿಲ್ಲಿಸಿದ ನನಗೂ ಒಲಿ ಮುಂದ ನಿಂತು ಅರ್ಧ ತಿಳೀತು!

ಅವನ ಫೈಲಿನಾಗ ಯುಜಿಸಿಯವರ 2018ರ ನಿಯಮದ ಹಾಳಿ ಇದ್ವು, ಓದಿದೆ. ಪಾಠದ ಲೆಕ್ಕ ಏನಂದ್ರ, ಹಂಚಿಕೊಟ್ಟ ಕ್ಲಾಸಿನಾಗ ಶೇಕಡಾ 80 ತಗೊಂಡಿದ್ರ ಉತ್ತಮ, 70ರಿಂದ 80ರ ಒಳಗಿದ್ರ ಸಮಾಧಾನಕರ. ಹುಡುಗರಿಗೆ ತಿಳೀತೋ ಇಲ್ಲೋ, ಅದು ಆ ಸಾಲಿನಾಗ ಇಲ್ಲ. ಬುಟ್ಟ್ಯಾಗ ಭಕ್ಕರಿ ಎಷ್ಟವ ಅಂತ ಎಣಿಸಿದಂಗ ಆತು, ಉಬ್ಬಿದ್ವೋ ಸೀದ್ವೋ ನೋಡೋರಿಲ್ಲ. ಅದೇ ಸಂಶೋಧನಾ ಪ್ರಬಂಧಕ್ಕ ವಿಜ್ಞಾನದವರಿಗೆ ಒಂದಕ್ಕ 8 ಅಂಕ, ಪ್ರೊಫೆಸರ್ ಆಗ್ಲಿಕ್ಕೆ ಕಡಿಮಿ ಅಂದ್ರೂ 10 ಪ್ರಬಂಧ ಬೇಕು. ತಮ್ಮನ ಹತ್ರ ಏಳವ.

ಸಂಶೋಧನೆ ಬ್ಯಾಡ ಅಂತ ನಾ ಅನ್ನೂದಿಲ್ಲ. ಇಪ್ಪತ್ತು ವರ್ಷದ ಹಳದಿ ಬಿದ್ದ ನೋಟ್ಸ್ ಬರೆಸೋ ಮಾಸ್ತರನ್ನೂ ನೋಡೇನಿ. ಸರ್ವಿಸ್ ಜಾಸ್ತಿ ಆದ ಕೂಡ್ಲೆ ಪಾಠ ಚಲೋ ಆಗ್ತದ ಅಂತೇನಿಲ್ಲ. ನಮ್ಮನಿಯವರೂ ಕೇಳಿದ್ರು, "ಚಲೋ ಪಾಠ ಅಂತ ಅಳಿಯೋದು ಹೆಂಗ? ಹುಡುಗರನ್ನ ಕೇಳಿದ್ರ ಮಾರ್ಕ್ಸ್ ಸಡಿಲ ಬಿಡೋರಿಗೇ ಓಟು." ಖರೆ ಅದ. ಆದ್ರ ಪರೀಕ್ಷಾ ಹೊತ್ತಿನಾಗ ಯಾಕ ಕೇಳಬೇಕು? ಪಾಸಾಗಿ ಮೂರು ವರ್ಷ ಆದ ಮ್ಯಾಲೆ ಕೇಳ್ರಿ, ಯಾರ ಪಾಠ ಉಪಯೋಗಕ್ಕ ಬಂತು ಅಂತ. ಅದೇ ವಿಷಯದ ಇನ್ನೊಬ್ಬ ಹಿರಿಯರು ನಾಲ್ಕು ದಿನ ಕಡೇ ಬೆಂಚಿನ್ಯಾಗ ಕೂತು ಕೇಳ್ಲಿ. ಅವರು ತಗದ ಪ್ರಶ್ನೆ ಪತ್ರಿಕಾ ನೋಡ್ಲಿ.

2023ರಾಗ ರಾಷ್ಟ್ರೀಯ ಶಿಕ್ಷಕರ ಪ್ರಶಸ್ತಿನ ಮೊದಲ ಸಲ ಉನ್ನತ ಶಿಕ್ಷಣದವರಿಗೂ ಕೊಟ್ರು, 13 ಮಂದಿಗೆ. ಸಂತೋಷ. ಆದ್ರ ಇಡೀ ದೇಶಕ್ಕ 13! ಉಳದವರಿಗೆ ಶಾಲು, ಹಾರಾ ಏನೂ ಬ್ಯಾಡ. ಅಡ್ಮಿಶನ್ ಡ್ಯೂಟಿ, ನ್ಯಾಕ್ ಫೈಲು ಸ್ವಲ್ಪ ಕಡಿಮಿ ಮಾಡ್ರಿ. ಹೊಸದಾಗಿ ಬಂದ ಗೆಸ್ಟ್ ಲೆಕ್ಚರರ್ ಇಬ್ಬರನ್ನ ಅಂಥವರ ಕೈಕೆಳಗ ಒಂದು ವರ್ಷ ಬಿಡ್ರಿ, ಅದನ್ನ ಪ್ರಮೋಶನ್ನಿಗೆ ಹಿಡೀರಿ. ನನ್ನ ಸೊಸಿ ಭಕ್ಕರಿ ಬಡಿಯೋದು ಕಲ್ತದ್ದು ಪುಸ್ತಕ ಓದಿ ಅಲ್ಲ, ನನ್ನ ಬಾಜೂಕ ಕೂತು.

ಉಂಡಿ ಹಂಗ ಹಿಡ್ಕೊಂಡೇ ತಮ್ಮ ಅಂದ, "ಸಂಜಿ ಹುಡುಗರನ್ನ ಕೂಡಿಸ್ಕೊಳ್ಳೋದು ಬಿಡ್ತೀನಕ್ಕಾ. ರೊಕ್ಕಾ ಕೊಟ್ರ ಪೇಪರ್ ಛಾಪಿಸೋ ಜರ್ನಲ್ಲೂ ಅವ." ನನ್ನ ಎದಿ ಝಲ್ ಅಂತು. ಅಪ್ಪ ಇದ್ದಿದ್ರ ಬೈತಿದ್ರು. ನನಗ ಬಯ್ಯಲಿಕ್ಕೆ ಬಾಯೇ ಬರಲಿಲ್ಲ, ಅವಂಗ ಅನ್ಯಾಯ ಆಗೇದಲ್ಲ?

ಮರುದಿನ ಹೊರಡೂ ಹೊತ್ತಿಗೆ ಯಾವುದೋ ಹುಡುಗಿ ಫೋನು. ಏನೋ ಲೆಕ್ಕ ತಿಳಿದಿಲ್ಲಂತ. ಇವಾ ಕಾರಿನ ಬಾಗಲಾ ತಗದು ಬಿಸಲಾಗ ನಿಂತು ಗಾಳಿಯೊಳಗ ಬಟ್ಟಿನಿಂದ ಗೆರಿ ಎಳ್ಕೋತ ಹೇಳ್ಲಿಕ್ಕೆ ಸುರು ಮಾಡಿದ. ಇಪ್ಪತ್ತು ಮಿನಿಟ್ ಆತು. ನಾನು ಉಂಡಿ ಡಬ್ಬಿ ತೊಡಿ ಮ್ಯಾಲೆ ಇಟ್ಕೊಂಡು ಒಳಗ ಕೂತಿದ್ದೆ, ಲಗೂ ನಡಿ ಅನ್ನಲಿಲ್ಲ.