ಶಿಲಾಶಾಸನಕ್ಕೆಷ್ಟು ಆಯಸ್ಸು?

ಆಡಿದ ಮಾತನ್ನು ಬದಲಿಸಲು ಅಡ್ಡಿಯಿಲ್ಲ ಎನ್ನುವಾಗ ಕನ್ನಡಿಗರಾದ ನಾವು ‘ಅದೇನು ಶಿಲಾಶಾಸನವೇ?’ ಎಂದು ಕೇಳುತ್ತೇವೆ. ಕಲ್ಲಿಗೆ ಬಿದ್ದ ಅಕ್ಷರ ಅಳಿಯದು ಎಂಬ ನಂಬಿಕೆ ಆ ನುಡಿಯ ತಳದಲ್ಲಿದೆ. ದಾನಶಾಸನಗಳನ್ನು ಕೆತ್ತಿಸಿದವರೂ ‘ಆಚಂದ್ರಾರ್ಕ’ ಎಂದೇ ಅವಧಿ ಹಾಕಿದರು. ಪೆರಂಬೂರಿನಲ್ಲಿ ನೆಲೆನಿಂತ ನಮಗೆ ಈ ನಂಬಿಕೆಯನ್ನು ಒರೆಗೆ ಹಚ್ಚಲು ದೂರ ಹೋಗಬೇಕಾಗಿಲ್ಲ. ಎಪ್ಪತ್ತು ಎಂಬತ್ತು ಕಿಲೋಮೀಟರು ಪಯಣಿಸಿದರೆ ಕಂಚಿಯ ಕೈಲಾಸನಾಥ ದೇವಾಲಯ ಸಿಗುತ್ತದೆ.

ಎಂಟನೆಯ ಶತಮಾನದ ಆದಿಭಾಗದಲ್ಲಿ ಪಲ್ಲವ ರಾಜಸಿಂಹನು ಕಟ್ಟಿಸಿದ ಗುಡಿಯಿದು. ಕೆಲವೇ ದಶಕಗಳಲ್ಲಿ ಬಾದಾಮಿ ಚಾಲುಕ್ಯರ ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ. ಗೆದ್ದರೂ ಗುಡಿಯ ಸಂಪತ್ತನ್ನು ಮುಟ್ಟದೆ ದೇವರಿಗೇ ಮರಳಿಸಿದ. ಅದನ್ನು ಸಾರುವ ಶಾಸನ ಇಲ್ಲಿನ ಮಂಟಪದ ಕಂಬವೊಂದರ ಮೇಲಿದೆ, ಕನ್ನಡದಲ್ಲಿದೆ. ತಮಿಳುನಾಡಿನಲ್ಲಿರುವ ಕನ್ನಡಿಗರಿಗೆ ಇದಕ್ಕಿಂತ ಹಳೆಯ, ಇದಕ್ಕಿಂತ ಮರ್ಯಾದೆಯ ಗುರುತು ಬೇರೊಂದು ಬೇಕೆ? ಆದರೆ ಆ ಗುಡಿ, ತಳದ ಕಣಶಿಲೆಯನ್ನು ಬಿಟ್ಟರೆ, ಬಹುಪಾಲು ಮರಳುಗಲ್ಲಿನದು. ಆವರಣದ ಸುತ್ತಿನ ಸಿಂಹಗಳ ಮುಖಗಳು ಸವೆದಿವೆ, ದೇವತೆಗಳ ಬೆರಳುಗಳು ಕರಗಿವೆ. ಬೇರೆಬೇರೆ ಕಾಲದ ಗಾರೆ ಅವುಗಳಿಗೆ ಹೊಸ ಮುಖವನ್ನು ಕೊಡಲೆಳಸಿದೆ.

ಅದೇ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ ಕಂಚಿಯ ಗೆಲುವಿನ ನೆನಪಿಗೆ ಪಟ್ಟದಕಲ್ಲಿನಲ್ಲಿ ಕಟ್ಟಿಸಿದ ವಿರೂಪಾಕ್ಷ ದೇವಾಲಯವೂ ಮರಳುಗಲ್ಲಿನದೇ. ಅಲ್ಲಿಯೂ ಹೊಪ್ಪಳೆ ಏಳುವುದುಂಟು, ಆದರೂ ಕೆತ್ತನೆಯ ಅಂಚುಗಳು ಎಷ್ಟೋ ಕಡೆ ಇನ್ನೂ ಬೆರಳಿಗೆ ತಾಗುತ್ತವೆ. ಬಾದಾಮಿ ಸೀಮೆಯ ಕಲ್ಲಿನಲ್ಲಿ ಮರಳಿನ ಕಣಗಳನ್ನು ಬೆಸೆದಿರುವುದು ಮುಖ್ಯವಾಗಿ ಸಿಲಿಕಾ. ಕಂಚಿಯ ಕಲ್ಲಿಗೆ ಆ ಬಿಗಿಯಿಲ್ಲ. ಹೆಸರು ಒಂದೇ, ಜಾತಿ ಬೇರೆ. ಕಣ್ಣಿಗೆ ಒಂದೇ ಎನಿಸುವ ಎರಡು ಕಲ್ಲುಗಳಲ್ಲಿ ಯಾವುದು ಮೊದಲು ಉದುರುತ್ತದೆ ಎಂಬುದನ್ನು ಹೇಳಲೆಂದೇ ಪ್ರಯೋಗಾಲಯವಿರುವುದು.

ಅಲ್ಲಿನ ಪರೀಕ್ಷೆ ಸರಳವಾದುದು, ನಿರ್ದಯವಾದುದು. ಕಲ್ಲಿನ ಸಣ್ಣ ತುಂಡುಗಳನ್ನು ಒಣಗಿಸಿ ತೂಗುತ್ತಾರೆ, ಸೋಡಿಯಂ ಸಲ್ಫೇಟಿನ ದ್ರಾವಣದಲ್ಲಿ ನೆನೆಸುತ್ತಾರೆ, 105 ಡಿಗ್ರಿ ಶಾಖದ ಓವನ್‌ನಲ್ಲಿ ಒಣಗಿಸುತ್ತಾರೆ, ಮತ್ತೆ ನೆನೆಸುತ್ತಾರೆ. ಯೂರೋಪಿನ ಪದ್ಧತಿಯಲ್ಲಿ ಹೀಗೆ 15 ಆವರ್ತನ, ಭಾರತೀಯ ಮಾನಕ ಐ.ಎಸ್. 1126ರಲ್ಲಿ 30. ನೀರಿಲ್ಲದ ಸಲ್ಫೇಟು ನೀರು ಕುಡಿದು ಮತ್ತೆ ಹರಳಾಗುವಾಗ ಅದರ ಗಾತ್ರ ಮೂರು ಪಟ್ಟಿಗೂ ಮಿಕ್ಕುತ್ತದೆ. ಕಲ್ಲಿನ ರಂಧ್ರದೊಳಗೆ ಅದಕ್ಕೆ ಎಡೆಯಿಲ್ಲ, ಆದ್ದರಿಂದ ಕಲ್ಲೇ ಬಿರಿಯಬೇಕು. ಕೊನೆಗೆ ಉಳಿದುದನ್ನು ತೂಗಿದರೆ ಕಳೆದುಕೊಂಡ ತೂಕವೇ ಉತ್ತರ. ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಾರ್ ಎಂಬ ಫ್ರೆಂಚನು ಇದನ್ನು ಯೋಚಿಸಿದ್ದು ಹಿಮದ ಹೊಡೆತಕ್ಕೆ ಬದಲಿಯಾಗಿ ಎಂಬುದು ಸ್ವಾರಸ್ಯದ ಸಂಗತಿ. ಹಿಮವನ್ನೇ ಕಾಣದ ನಮ್ಮ ಕರಾವಳಿಗೆ ಅದು ಇನ್ನೂ ಚೆನ್ನಾಗಿ ಒಪ್ಪುತ್ತದೆ.

ಏಕೆಂದರೆ ಮದರಾಸಿನ ಸೀಮೆಯ ಹವೆ ಆ ಆವರ್ತನವನ್ನು ಪುಕ್ಕಟೆಯಾಗಿ ನಡೆಸುತ್ತಿರುತ್ತದೆ. ಗಾಳಿಯ ತೇವ ಶೇಕಡ 75ನ್ನು ದಾಟಿದರೆ ಅಡುಗೆಯ ಉಪ್ಪು ತಾನೇ ನೀರಾಗುತ್ತದೆ, ಇಳಿದರೆ ಹರಳಾಗುತ್ತದೆ. ಇಲ್ಲಿನ ಇರುಳು ಹಗಲುಗಳು ಆ ಗೆರೆಯನ್ನು ವರ್ಷದಲ್ಲಿ ಎಷ್ಟು ಸಲ ದಾಟುತ್ತವೆಯೋ! ಪೆರಂಬೂರಿನ ಕಾಂಪೌಂಡು ಗೋಡೆಗಳ ಬುಡದಲ್ಲಿ ಉದುರುವ ಬಿಳಿಯ ಪುಡಿಯನ್ನು ನೋಡದವರು ನಮ್ಮಲ್ಲಿ ಯಾರಿದ್ದಾರೆ? ಮಾಮಲ್ಲಪುರದ ಕಡಲತೀರದ ಗುಡಿಗೆ, ಅದೂ ರಾಜಸಿಂಹನದೇ, ಪುರಾತತ್ವ ಇಲಾಖೆಯವರು ಒದ್ದೆ ಕಾಗದದ ತಿರುಳನ್ನು ಮೆತ್ತಿ ಉಪ್ಪನ್ನು ಹೊರಗೆಳೆಯುತ್ತಾರೆ. ಕಂಚಿಯಲ್ಲಿ ಕಡಲು ದೂರ, ನೆಲದಿಂದ ಏರುವ ತೇವ ಹತ್ತಿರ.

ಪರೀಕ್ಷೆಯೆಂದರೆ ಆಯಸ್ಸು ಹೇಳುವ ಜ್ಯೋತಿಷ್ಯವಲ್ಲ. ಓವನ್‌ನ ಮೂವತ್ತು ಸುತ್ತು ಬಯಲಿನ ಎಷ್ಟು ವರ್ಷಕ್ಕೆ ಸಮ ಎಂಬ ಲೆಕ್ಕ ಯಾವ ಮಾನಕದಲ್ಲಿಯೂ ಇಲ್ಲ. ಎರಡನ್ನು ಪಕ್ಕಪಕ್ಕದಲ್ಲಿಟ್ಟು ಇದಕ್ಕಿಂತ ಅದು ಮೇಲು ಎನ್ನುವುದಷ್ಟೇ ಅದರ ಶಕ್ತಿ. ನಮ್ಮ ವಾದ ನಿಲ್ಲುವುದೂ ಆ ಶಕ್ತಿಯ ಮೇಲೆಯೇ. ಕಲ್ಲು ಹೇಗೂ ಬದಲಾಗದು. ಅದರ ಮೇಲೆ ನಾವು ಹಚ್ಚುವುದನ್ನು ಆಯ್ದುಕೊಳ್ಳಬಹುದು. ಗಾರೆ, ಗಟ್ಟಿಗೊಳಿಸುವ ರಾಸಾಯನಿಕ, ನೀರು ತಡೆಯುವ ಲೇಪ, ಯಾವುದೇ ಇರಲಿ, ಅದೇ ಜಾತಿಯ ಕಲ್ಲಿನ ತುಂಡಿಗೆ ಹಚ್ಚಿ, ಹಚ್ಚದ ತುಂಡಿನೊಡನೆ ಈ ಸುತ್ತುಗಳಿಗೆ ಒಡ್ಡಿದ ಮೇಲೆಯೇ ಗುಡಿಯ ಗೋಡೆಗೆ ಬರಬೇಕು. ಎಷ್ಟೋ ಊರುಗಳಲ್ಲಿ ಜೀರ್ಣೋದ್ಧಾರದ ಹೆಸರಿನಲ್ಲಿ ಹಳೆಯ ಕಲ್ಲಿಗೆ ಸಿಮೆಂಟು ಮೆತ್ತಿದ್ದಾರೆ. ಸಿಮೆಂಟಿನಲ್ಲಿಯೇ ಕರಗುವ ಲವಣಗಳುಂಟು. ಅದರೊಳಗೆ ತೇವ ಸುಲಭವಾಗಿ ಹಾಯದೆ ಪಕ್ಕದ ಮೆದು ಕಲ್ಲಿನಿಂದ ಹೊರಡುತ್ತದೆ. ಸಿಮೆಂಟು ಉಳಿಯುತ್ತದೆ, ಕಲ್ಲು ಪುಡಿಯಾಗುತ್ತದೆ.

ಇದಕ್ಕೆ ತಿಂಗಳುಗಳು ಹಿಡಿಯುತ್ತವೆ, ಅಷ್ಟರಲ್ಲಿ ಮೂರ್ತಿ ಬಿದ್ದೇಹೋಗುತ್ತದೆ ಎನ್ನುವ ಆಕ್ಷೇಪಣೆಯುಂಟು. ಸರ್ಕಾರಿ ಕಡತಗಳ ನಡಿಗೆಯನ್ನು ಬಲ್ಲ ನಾವು ಅದನ್ನು ತಳ್ಳಿಹಾಕಲಾರೆವು. ಆದರೆ 1955ರಿಂದ ರೈಲುಡಬ್ಬಿಗಳನ್ನು ಕಟ್ಟುತ್ತಿರುವ ಊರು ನಮ್ಮದು. ಉಕ್ಕಿನ ಬಣ್ಣವನ್ನು ಉಪ್ಪುನೀರಿನ ಮಂಜಿನಲ್ಲಿ ನೂರಾರು ಗಂಟೆ ಇರಿಸಿ ನೋಡುವುದು ಕೈಗಾರಿಕೆಯಲ್ಲಿ ನಿತ್ಯದ ಮಾತು. ಕೆಲವು ದಶಕ ಓಡುವ ಡಬ್ಬಿಗೆ ಸಲ್ಲುವ ತಾಳ್ಮೆ ಹದಿಮೂರು ಶತಮಾನ ನಿಂತ ಗೋಡೆಗೆ ಏಕೆ ಸಲ್ಲದು? ಬೀಳುವಂತಿರುವುದಕ್ಕೆ ಊರುಗೋಲು ಕೊಡೋಣ, ಲೇಪ ಕಾಯಲಿ.

ಪರೀಕ್ಷೆಗೆಂದು ಗುಡಿಯ ಕಲ್ಲನ್ನು ಕತ್ತರಿಸುವುದನ್ನಂತೂ ನಾವು ಒಪ್ಪೆವು. ತಾನಾಗಿ ಉದುರಿದ ಚೂರುಗಳಿಂದ ಕಲ್ಲಿನ ಜಾತಿಯನ್ನು ತಿಳಿದು, ಅಂಥದೇ ಕಲ್ಲನ್ನು ಹೊರಗೆ ಹುಡುಕಿ ತರಬಹುದು. ನಿಂತ ಕಂಬದ ಒಳಗಟ್ಟಿಯನ್ನು ಶ್ರವಣಾತೀತ ಧ್ವನಿಯ ವೇಗದಿಂದ ಅಳೆಯಬಹುದು. ಶಾಸನದ ಮೇಲೆ ಒದ್ದೆ ಕಾಗದ ಹಾಸಿ ಬ್ರಷ್ಷಿನಿಂದ ಬಡಿದು ಪಡಿಯಚ್ಚು ತೆಗೆಯುವ ಪದ್ಧತಿಯನ್ನು, ಪುಡಿಯಾಗುತ್ತಿರುವ ಕಲ್ಲಿನ ಮಟ್ಟಿಗಾದರೂ, ಕೈಬಿಟ್ಟು ಛಾಯಾಚಿತ್ರಕ್ಕೆ ಹೊರಳಬೇಕು. ಹಚ್ಚಿದ್ದು ಏನು, ಎಂದು, ಯಾವ ಪರೀಕ್ಷೆಯ ಬಳಿಕ ಎಂಬುದನ್ನು ಗುಡಿಯ ಬಾಗಿಲಲ್ಲಿ ತಮಿಳಿನಲ್ಲಿ ಬರೆದು ಹಾಕಲಿ. ಆ ಕಂಬದ ಸಲುವಾಗಿ ಕೆಳಗೆ ಎರಡು ಸಾಲು ಕನ್ನಡದಲ್ಲಿಯೂ ಇರಲಿ.