ಬೀಗದ ಕೈ ಯಾರ ಸೊಂಟದಲ್ಲಿ?

ಮದುವೆ ಕರೆಯೋಲೆ ಅಂತ ವಾಟ್ಸಾಪಿಗೆ ಬಂದ ಎಪಿಕೆ ಒತ್ತಿ ಬ್ಯಾಂಕಿನ ದುಡ್ಡು ಕಳಕೊಂಡವರು ನಮ್ಮ ಜನಾನೇ. ಕಳ್ಳರಿಲ್ಲ ಅಂತ ನಾವು ಹೇಳೋದಿಲ್ಲ. ಆದರೆ ಕಳ್ಳರ ನೆಪ ಹೇಳಿ ದಣಿಯೇ ನಮ್ಮನೆ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರೆ ಅದು ಕಾವಲೇ?

ತನ್ನಲ್ಲಿ ಗುರುತು ನೋಂದಾಯಿಸದವರ ಆಪ್ ಆಂಡ್ರಾಯ್ಡ್ ಫೋನಿಗೆ ಹತ್ತಬಾರದು ಎಂದು 2025ರ ಆಗಸ್ಟಿನಲ್ಲಿ ಗೂಗಲ್ ಸಾರಿತು. ಜನ ಕೂಗೆಬ್ಬಿಸಿದ ಮೇಲೆ, ನವೆಂಬರಿನಲ್ಲಿ, ಬಲ್ಲವರಿಗೊಂದು ಕಿಂಡಿ ಬಿಡುತ್ತೇವೆ ಅಂದಿತು. ಅದೇ ಗೂಗಲ್ಲಿನ ಪ್ಲೇ ಸ್ಟೋರಿನಿಂದ 2022–23ರ ಒಂದೇ ವರ್ಷದಲ್ಲಿ 2,200ಕ್ಕೂ ಹೆಚ್ಚು ಸಾಲದ ಆಪ್‌ಗಳನ್ನು ಕಿತ್ತುಹಾಕಬೇಕಾಯಿತು. ಹೆಬ್ಬಾಗಿಲಲ್ಲೇ ನುಗ್ಗಿದ ಕಳ್ಳರಿಗೆ ಯಾವ ಬೀಗ?

ದುಡಿದು ಕೊಂಡ ಫೋನು ನಮ್ಮದು. ಎಚ್ಚರಿಸಿ, ಕೇಳುತ್ತೇವೆ. ಅಪ್ಪಣೆ ಬೇಡುವುದಿಲ್ಲ. ಮೇಷ್ಟ್ರೇ, ಗೆಳೆಯರೇ, ಗೊತ್ತಿಲ್ಲದ್ದನ್ನು ಒತ್ತದ ಎಚ್ಚರವನ್ನೂ ಬೀಗದ ಕೈ ಬಿಟ್ಟುಕೊಡದ ಹಟವನ್ನೂ ಮಕ್ಕಳಿಗೆ ಒಟ್ಟಿಗೇ ಕಲಿಸೋಣ.